ಹಳೇ ಸಾಮಾನು, ಹೊಸ ಗಿಫ್ಟು, ನೆನಪಿನ ವೆಬ್‌ಸೈಟು: ಶುರುವಿಂದ ಹೇಗೆ ಕಟ್ಟೋದು

ಹಳೇ ಗ್ರಾಮಫೋನ್ ರೆಕಾರ್ಡಲ್ಲಿ ಗೋಡೆ ಗಡಿಯಾರ, ಅಪ್ಪನ ಶರ್ಟುಗಳಲ್ಲಿ ದಿಂಬಿನ ಕವರು, ಕೆಟ್ಟು ಕೂತ ರೇಡಿಯೋ ಪೆಟ್ಟಿಗೇಲಿ ಮೇಜಿನ ದೀಪ, ಟೈಪ್‌ರೈಟರ್ ಕೀಲಿಗಳಲ್ಲಿ ಹೆಸರಿನ ಕೀಚೈನು, ಇಂಥದ್ದನ್ನ ಕೈಯಲ್ಲೇ ಮಾಡೋರು ಬೇಕಾದಷ್ಟು ಜನ ಇದಾರೆ, ಮಾಡೋದೂ ಚೆನ್ನಾಗೇ ಮಾಡ್ತಾರೆ, ಆದ್ರೆ ಮಾರೋಕೆ ವೆಬ್‌ಸೈಟ್ ಮಾಡೋಣ ಅಂತ ಕೂತ ಕೂಡ್ಲೇ ಎಲ್ರೂ ಹೋಗಿ ಒಂದೇ ಗುಂಡೀಲಿ ಬೀಳ್ತಾರೆ. ಹಿಂದುಗಡೆ ಕಂದು ಕಾಗದ, ಎಲ್ಲಾ ಫೋಟೋಗೂ ಹಳೇದರ ಥರ ಕಂದಾಗಿಸೋ ಸೆಪಿಯಾ ಫಿಲ್ಟರು, ಟೈಪ್‌ರೈಟರ್ ಫಾಂಟು, ಮೂಲೇಲಿ ತಿರುಗೋ ಕ್ಯಾಸೆಟ್ಟು. ನಾನೂ ಮೊದಲನೇ ಸಲ ಮಾಡಿದ್ದು ಇದನ್ನೇ, ಯಾರೋ ಒಬ್ರು ಮೆಸೇಜ್ ಹಾಕಿ "ಈ ದೀಪ ಕಂದು ಬಣ್ಣದ್ದಾ ಹಸಿರು ಬಣ್ಣದ್ದಾ, ಗೊತ್ತೇ ಆಗ್ತಿಲ್ಲ" ಅಂದಾಗ್ಲೇ ನನಗೆ ಬುದ್ಧಿ ಬಂದಿದ್ದು. ಹಸಿರು ದೀಪ ಅದು.

ನೆನಪು ಇರೋದು ವಸ್ತುವಲ್ಲಿ, ಸೈಟಲ್ಲಿ ಅಲ್ಲ. ರೇಡಿಯೋ ಗುಂಡಿ ಸವೆದಿರೋ ಜಾಗ ನೋಡಿ ಒಬ್ರಿಗೆ ಗಂಟಲು ಕಟ್ಟತ್ತೆ, ನೀವು ಹಾಕಿರೋ ಕಂದು ಬ್ಯಾಕ್‌ಗ್ರೌಂಡ್ ನೋಡಿ ಯಾರಿಗೂ ಏನೂ ಆಗಲ್ಲ. ಅಪ್‌ಸೈಕ್ಲಿಂಗ್ ಅಂದ್ರೆ ಹಳೇ ವಸ್ತುವಲ್ಲೇ ಬೆಲೆ ಏರೋ ಹಾಗೆ ಹೊಸದು ಮಾಡೋದು, ಆ ಪದಾನ 1994ರಲ್ಲಿ ರೈನರ್ ಪಿಲ್ಜ್ ಅನ್ನೋ ಜರ್ಮನ್ ಎಂಜಿನಿಯರ್ ಬಳಸಿದ್ದು, ಅವರ ಸಿಟ್ಟೇನಂದ್ರೆ ರೀಸೈಕ್ಲಿಂಗ್ ಹೆಸರಲ್ಲಿ ವಸ್ತುವನ್ನ ಒಡೆದು ಪುಡಿ ಮಾಡಿ ಅದರ ಬೆಲೆ ಇಳಿಸ್ತಾರೆ, ಏರಿಸಬೇಕಿತ್ತು ಅಂತ. ರೆಕಾರ್ಡನ್ನ ಕರಗಿಸಿದ್ರೆ ಬರೀ ಪ್ಲಾಸ್ಟಿಕ್ಕು, ಗಡಿಯಾರ ಮಾಡಿದ್ರೆ ಮಧ್ಯದ ಲೇಬಲ್ ಉಳ್ಕೊಳತ್ತೆ, ಅದ್ರ ಮೇಲೆ ಯಾರೋ ಪೆನ್ನಲ್ಲಿ ಬರೆದ ಹೆಸರೂ ಉಳ್ಕೊಳತ್ತೆ. ಆ ಗುರುತನ್ನ ಕಾಣಿಸೋದೇ ಸೈಟಿನ ಕೆಲಸ. ಇದನ್ನ ತಲೇಲಿ ಇಟ್ಕೊಂಡು ಮುಂದಿನ ಹೆಜ್ಜೆಗಳಿಗೆ ಬನ್ನಿ.

ಹೆಜ್ಜೆ 1: ಯಾರ ನೆನಪು, ಯಾವ ಕಾಲದ್ದು

ನಾಸ್ಟಾಲ್ಜಿಯಾ ಅನ್ನೋ ಪದ ಹುಟ್ಟಿದ್ದು 1688ರಲ್ಲಿ, ಯೋಹಾನೆಸ್ ಹೋಫರ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ಮನೆ ನೆನಪಾಗಿ ಕೊರಗೋದಕ್ಕೆ ಇಟ್ಟ ಹೆಸರು ಅದು, ಅವಾಗ ಅದನ್ನ ಕಾಯಿಲೆ ಅಂತಾನೇ ಲೆಕ್ಕ ಹಾಕಿದ್ರು. ಈಗ ಅದೇ ಕಾಯಿಲೆ ನಮ್ಗೆ ವ್ಯಾಪಾರ, ಇರ್ಲಿ. ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ ಕೊರಗು ಯಾವಾಗ್ಲೂ ಒಂದು ನಿರ್ದಿಷ್ಟ ಮನೆಗೆ, ಒಂದು ನಿರ್ದಿಷ್ಟ ಕಾಲಕ್ಕೆ ಇರತ್ತೆ, "ಹಳೇ ಕಾಲ" ಅನ್ನೋ ಪೂರ್ತಿ ಗೋದಾಮಿಗಲ್ಲ.

ಅದಕ್ಕೆ ಮೊದ್ಲು ನಿಮ್ಮ ಹತ್ರ ಇರೋ ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ, ಯಾವುದು ಯಾವ ಕಾಲದ್ದು ಅಂತ ಗುಂಪು ಮಾಡಿ. 78 ಆರ್‌ಪಿಎಮ್ (ನಿಮಿಷಕ್ಕೆ 78 ಸುತ್ತು ತಿರುಗೋ) ರೆಕಾರ್ಡು ಅರಗಿನಿಂದ ಮಾಡ್ತಿದ್ದಿದ್ದು, ಕೈ ಜಾರಿದ್ರೆ ಪಿಂಗಾಣಿ ಥರ ಒಡೆಯತ್ತೆ. ಎಲ್‌ಪಿ (ಜಾಸ್ತಿ ಹೊತ್ತು ಹಾಡೋ ರೆಕಾರ್ಡು) ಬಂದಿದ್ದು 1948ರಲ್ಲಿ, ಕ್ಯಾಸೆಟ್ 1963ರಲ್ಲಿ, ಮಡಚೋ ಪೋಲರಾಯ್ಡ್ ಎಸ್ಎಕ್ಸ್-70 ಕ್ಯಾಮೆರಾ 1972ರಲ್ಲಿ, ಸಿಡಿ 1982ರಲ್ಲಿ. ಒಂದು ವಸ್ತು ಅಂಗಡಿಗೆ ಬಂದ ವರ್ಷಕ್ಕೂ ಅದು ಮನೆಮನೆ ಸೇರಿದ ವರ್ಷಕ್ಕೂ ತುಂಬಾ ಅಂತರ ಇರತ್ತೆ, ನೆನಪು ಅಂಟ್ಕೊಳ್ಳೋದು ಎರಡನೇದಕ್ಕೆ. ಟೈಪ್‌ರೈಟರು, ಕ್ಯಾಸೆಟ್ಟು, ಪಿಕ್ಸೆಲ್ ಕರ್ಸರು ಮೂರನ್ನೂ ಒಂದೇ ಹೋಮ್ ಪೇಜಲ್ಲಿ ತುರುಕಿದ್ರೆ ಯಾರ ಬಾಲ್ಯಾನೂ ಅಲ್ದಿರೋ ಒಂದು ಎಡಬಿಡಂಗಿ ಆಗತ್ತೆ. ಗುಂಪಲ್ಲಿ ಯಾವುದು ದೊಡ್ಡದೋ ಆ ಕಾಲವನ್ನ ಸೈಟಿನ ಮುಖಕ್ಕೆ ಇಟ್ಕೊಳ್ಳಿ, ಉಳಿದಿದ್ದಕ್ಕೆ ಒಳಗಡೆ ಬೇರೆ ಬೇರೆ ಕಪಾಟು ಮಾಡಿ.

ಇನ್ನೊಂದು ವಿಷ್ಯ ಎಲ್ರೂ ಮರೀತಾರೆ. ಗಿಫ್ಟ್ ಕೊಳ್ಳೋರು ಬೇರೆ, ಅದು ಸಿಗೋರು ಬೇರೆ. ಕೊಳ್ಳೋದು ಮಗಳು, ರಾತ್ರಿ ಹನ್ನೊಂದಕ್ಕೆ, ಫೋನಲ್ಲಿ, ಹೆಬ್ಬೆರಳಲ್ಲಿ. ಸಿಗೋದು ಅಪ್ಪನಿಗೆ. ವಸ್ತು ಅಪ್ಪನ ಕಾಲದ್ದಾಗಿರ್ಬೇಕು, ಸೈಟ್ ಓಡೋದು ಮಗಳ ಕಾಲದ ಥರ ಇರ್ಬೇಕು. ಹಳೇ ಸೈಟ್ ಥರ ಕಾಣ್ಲಿ ಅಂತ ಮೆನುವನ್ನ ಬಚ್ಚಿಡೋದು, ಚೆಕ್‌ಔಟನ್ನ ಆಟ ಮಾಡೋದು, ಇದ್ಯಾವ್ದೂ ಬೇಡ.

ಹೆಜ್ಜೆ 2: ದಾರಿ ಎರಡಾ ಮೂರಾ ಅಂತ ಡಿಸೈನ್‌ಗೆ ಮುಂಚೇನೇ ತೀರ್ಮಾನ ಮಾಡಿ

ಈ ವ್ಯಾಪಾರದಲ್ಲಿ ಗಿರಾಕಿ ಬರೋದು ಮೂರು ಥರ. ಒಂದು, ಮಾಡಿಟ್ಟಿರೋ ವಸ್ತು ಇಷ್ಟ ಆಗಿ ಅದಕ್ಕೆ ಹೆಸರೋ ತಾರೀಕೋ ಕೆತ್ತಿಸ್ಕೊಳ್ಳೋರು. ಎರಡು, ನಿಮ್ಮ ಹತ್ರ ಇರೋ ಕಚ್ಚಾ ಸಾಮಾನಲ್ಲಿ ಒಂದನ್ನ ಆರಿಸಿ "ಇದ್ರಲ್ಲಿ ಹೀಗೆ ಮಾಡ್ಕೊಡಿ" ಅನ್ನೋರು. ಮೂರು, ತಮ್ಮ ಮನೇದೇ ವಸ್ತು ಕಳಿಸಿ ಮಾಡಿಸ್ಕೊಳ್ಳೋರು. ಮೂರಕ್ಕೂ ಸಮಯ ಬೇರೆ, ಫಾರ್ಮ್ ಬೇರೆ, ವಾಪಸ್ ತಗೊಳ್ಳೋ ನಿಯಮ ಬೇರೆ. ಒಂದೇ "ಆರ್ಡರ್ ಮಾಡಿ" ಬಟನ್ ಹಿಂದೆ ಮೂರನ್ನೂ ಸೇರಿಸಿದ್ರೆ ದಿನಾ ಚಾಟಲ್ಲಿ ಕೂತು ಅದೇ ಉತ್ತರ ಟೈಪ್ ಮಾಡೋದೇ ಆಗೋಗತ್ತೆ.

ಹೋಮ್ ಪೇಜಲ್ಲಿ ಮೇಲ್ಗಡೇನೇ ಮೂರು ಬಾಗಿಲು ಇಡಿ, "ಮಾಡಿಟ್ಟಿದ್ದು", "ಆರಿಸಿ ಮಾಡಿಸಿ", "ನಿಮ್ಮದೇ ಕಳಿಸಿ". ಪ್ರತಿ ಬಾಗಿಲ ಕೆಳಗೆ ಎಷ್ಟು ದಿನ ಆಗತ್ತೆ ಅನ್ನೋದು ಒಂದು ಸಾಲು. ಶುರು ಮಾಡೋವಾಗ ಮೂರೂ ಬೇಡ ಅನ್ಸಿದ್ರೆ ಮೊದಲನೇದು ಮಾತ್ರ ತೆಗೀರಿ, ಮೂರನೇದನ್ನಂತೂ ಕೈ ಪಳಗೋವರೆಗೆ ಮುಟ್ಟಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಹೆಜ್ಜೆ 3: ಬಣ್ಣ, ಕಾಗದ, ಅಕ್ಷರ

ಬಣ್ಣಾನ ಇಂಟರ್ನೆಟ್ಟಲ್ಲಿ ಹುಡುಕಬೇಡಿ, ನಿಮ್ಮ ಸಾಮಾನಲ್ಲೇ ಹುಡುಕಿ. ಹಗಲು ಬೆಳಕಲ್ಲಿ ಐದಾರು ವಸ್ತುಗಳ ಫೋಟೋ ತೆಗ್ದು, ಫೋಟೋದಿಂದ ಬಣ್ಣ ಎತ್ತೋ ಕಲರ್ ಪಿಕ್ಕರ್ ಟೂಲ್ ಇಟ್ಟು, ರೇಡಿಯೋ ಬಟ್ಟೆಯ ಬಣ್ಣ, ತಗಡಿನ ಡಬ್ಬದ ಮಾಸಿದ ಕೆಂಪು, ಕ್ಯಾಸೆಟ್ ಲೇಬಲ್ಲಿನ ಕಿತ್ತಳೆ, ಹೀಗೆ ನಾಲ್ಕು ಬಣ್ಣ ಎತ್ಕೊಳ್ಳಿ ಸಾಕು. ಹಿಂದಿನ ಬಣ್ಣಕ್ಕೆ ಅಚ್ಚ ಬಿಳಿ ಬೇಡ ಅನ್ಸತ್ತೆ, ಸರಿ, ಹಳೇ ಕಾಗದ ಹಳದಿ ಆಗೋದು ಅದರೊಳಗಿನ ಲಿಗ್ನಿನ್ ಅನ್ನೋ ಮರದ ಅಂಶ ಗಾಳಿ ಬೆಳಕಿಗೆ ಸಿಕ್ಕಿ ಬದಲಾಗೋದ್ರಿಂದ, ಆ ಹಳದಿ ಅಂಚಲ್ಲಿ ಜಾಸ್ತಿ ಮಧ್ಯದಲ್ಲಿ ಕಮ್ಮಿ ಇರತ್ತೆ. ಹಾಗಾಗಿ ಇಡೀ ಪೇಜಿಗೆ ಒಂದೇ ಕಂದು ಬಳಿಯೋ ಬದಲು ಮಧ್ಯೆ ಕೆನೆಬಣ್ಣ, ಅಂಚಿಗೆ ಸ್ವಲ್ಪ ಗಾಢ, ಅಷ್ಟು ಮಾಡಿದ್ರೆ ಕಣ್ಣು ತಾನೇ ಅದನ್ನ ಹಳೇದು ಅಂತ ಓದ್ಕೊಳತ್ತೆ.

ಆದ್ರೆ ಓದೋ ಅಕ್ಷರ ಮಾತ್ರ ಮಾಸಬಾರ್ದು. ಕೆನೆಬಣ್ಣದ ಮೇಲೆ ತಿಳಿ ಕಂದು ಅಕ್ಷರ ನೋಡೋಕೆ ಸೊಗಸು, ಓದೋಕೆ ಹಿಂಸೆ. ವೆಬ್ ಆಕ್ಸೆಸಿಬಿಲಿಟಿ ಗೈಡ್‌ಲೈನ್ ಪ್ರಕಾರ ಸಾಮಾನ್ಯ ಅಕ್ಷರಕ್ಕೂ ಹಿಂದಿನ ಬಣ್ಣಕ್ಕೂ ಕಾಂಟ್ರಾಸ್ಟ್, ಅಂದ್ರೆ ತಿಳಿ-ಗಾಢದ ವ್ಯತ್ಯಾಸ, ಕನಿಷ್ಠ 4.5:1 ಇರ್ಬೇಕು, ದೊಡ್ಡ ಹೆಡಿಂಗಿಗೆ 3:1 ನಡೆಯತ್ತೆ, ಬಿಟ್ಟಿಯಾಗಿ ಚೆಕ್ ಮಾಡೋ ಟೂಲ್ ಬೇಕಾದಷ್ಟಿವೆ. ಕೆನೆಬಣ್ಣದ ಮೇಲೆ ಕಾಫಿಬೀಜದಷ್ಟು ಕಪ್ಪಗಿನ ಕಂದು ಹಾಕಿದ್ರೆ ಆರಾಮಾಗಿ ಪಾಸಾಗತ್ತೆ.

ಫಾಂಟ್ ವಿಷ್ಯಕ್ಕೆ ಬಂದ್ರೆ, ಟೈಪ್‌ರೈಟರ್ ಥರದ ಇಂಗ್ಲಿಷ್ ಫಾಂಟುಗಳಲ್ಲಿ ಕನ್ನಡ ಅಕ್ಷರ ಇರೋದೇ ಇಲ್ಲ. ಕನ್ನಡ ಟೈಪ್ ಮಾಡಿದ್ರೆ ಬ್ರೌಸರ್ ಸುಮ್ನೆ ಫೋನಲ್ಲಿರೋ ಯಾವುದೋ ಫಾಂಟ್ ಎತ್ಕೊಂಡು ತೋರ್ಸತ್ತೆ, ನಿಮ್ಮ ಕಂಪ್ಯೂಟರಲ್ಲಿ ಒಂದು ಥರ, ಗಿರಾಕಿ ಫೋನಲ್ಲಿ ಇನ್ನೊಂದು ಥರ. ಸೈಟ್ ಕನ್ನಡದಲ್ಲಿದ್ರೆ ಫಾಂಟನ್ನ ನೀವೇ ಸೇರಿಸಿ. ಹಳೇ ಅಚ್ಚುಮೊಳೆ ಪುಸ್ತಕದ ಛಾಯೆ ಬೇಕಂದ್ರೆ ಟಿರೋ ಕನ್ನಡ, ದಪ್ಪ ಗುಂಡಗಿನ ಅಂಗಡಿ ಬೋರ್ಡ್ ಥರ ಹೆಡಿಂಗ್ ಬೇಕಂದ್ರೆ ಬಲೂ ತಮ್ಮ, ಓದೋ ಸಾಲಿಗೆ ನೋಟೋ ಸೆರಿಫ್ ಕನ್ನಡ, ಮೂರೂ ಉಚಿತ. ಹೆಡಿಂಗಿಗೊಂದು ಓದೋದಕ್ಕೊಂದು, ಎರಡಕ್ಕಿಂತ ಜಾಸ್ತಿ ಬೇಡ. ಸಾಲಿನ ಅಂತರ ಇಂಗ್ಲಿಷಿಗಿಂತ ಜಾಸ್ತಿ ಕೊಡಿ, ಅಕ್ಷರದ ಅಳತೆಯ 1.7 ಪಟ್ಟಿನ ಆಸುಪಾಸು, ಇಲ್ದಿದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಡಿಕ್ಕಿ ಹೊಡೆಯತ್ತೆ.

ಅಲಂಕಾರಕ್ಕೆ ಎರಡು ಸಣ್ಣ ಕೈಚಳಕ ಸಾಕು. ಫೋಟೋಗಳನ್ನ ಒಂದೆರಡು ಡಿಗ್ರಿ ವಾಲಿಸಿ, ಆಲ್ಬಮ್ಮಲ್ಲಿ ಅಂಟಿಸಿದ ಹಾಗೆ ಕಾಣತ್ತೆ, ಐದು ಡಿಗ್ರಿ ಆದ್ರೆ ಕುಡಿದವರು ಅಂಟಿಸಿದ ಹಾಗೆ ಕಾಣತ್ತೆ. ಕಾಗದದ ಟೆಕ್ಸ್ಚರಿಗೆ ದೊಡ್ಡ ಫೋಟೋ ಹಾಕದೆ ಸಣ್ಣ ಚೌಕದ ತುಂಡನ್ನ ರಿಪೀಟ್ ಮಾಡಿ, ಹಳೇ ವೆಬ್‌ಸೈಟಲ್ಲೂ ಹೀಗೇ ಟೈಲ್ ಹಾಸ್ತಿದ್ರು, ನೆಟ್ ಅಷ್ಟು ನಿಧಾನ ಇತ್ತು.

ಇನ್ನು 90ರ ದಶಕದ ವೆಬ್‌ಸೈಟ್ ಥರಾನೇ ಮಾಡ್ಬೇಕು ಅನ್ನೋ ಆಸೆ ಕೆಲವರಿಗೆ. 1994ರಲ್ಲಿ ಶುರುವಾಗಿ 2009ರಲ್ಲಿ ಮುಚ್ಚಿದ, ಜನ ಬಿಟ್ಟಿಯಾಗಿ ತಮ್ಮ ಪೇಜ್ ಮಾಡ್ಕೊಳ್ತಿದ್ದ ಜಿಯೋಸಿಟೀಸಿನ ಕಾಲ ಅದು, ಮಿನುಗೋ ಅಕ್ಷರ, ಓಡೋ ಸಾಲು, ಉಬ್ಬಿದ ಬೂದು ಬಟನ್ನು, ಎಷ್ಟನೇ ವಿಸಿಟರ್ ಅಂತ ತೋರ್ಸೋ ಕೌಂಟರು. ನೀವು ಮಾರ್ತಿರೋದು ಫ್ಲಾಪಿ ಡಿಸ್ಕಿನ ನೋಟ್‌ಬುಕ್ಕು, ಹಳೇ ಕೀಬೋರ್ಡಿನ ಗುಂಡಿಯ ಫ್ರಿಜ್ ಮ್ಯಾಗ್ನೆಟ್ಟು ಅಂತಾದ್ರೆ ಒಪ್ಪತ್ತೆ, ಚೆನ್ನಾಗೂ ಇರತ್ತೆ. ಅಜ್ಜನ ಪಂಚೆ ದಿಂಬಿಗೆ ಒಪ್ಪಲ್ಲ. ಒಪ್ಪಿದ್ರೂ ಮಿನುಗೋದನ್ನ ಬಿಡಿ, ಅಕ್ಷರ ಮಿನುಗಿಸೋ ಬ್ಲಿಂಕ್ ಟ್ಯಾಗನ್ನ ಫೈರ್‌ಫಾಕ್ಸ್ ಕೂಡ 2013ರಲ್ಲಿ ಕಿತ್ತು ಬಿಸಾಕಿದೆ, ಕಣ್ಣಿಗೂ ತಲೆಗೂ ಆಗಲ್ಲ ಅದು. ಏನಾದ್ರೂ ಅಲ್ಲಾಡಿಸ್ತೀರ ಅಂದ್ರೆ, ಫೋನ್ ಸೆಟಿಂಗಲ್ಲಿ ಚಲನೆ ಕಮ್ಮಿ ಮಾಡಿ ಅಂತ ಇಟ್ಕೊಂಡಿರೋರಿಗೆ ಅದು ನಿಂತಿರೋ ಹಾಗೆ ಮಾಡಿ. ಹಾಡು ತಾನಾಗೇ ಶುರುವಾಗೋದನ್ನ ಬ್ರೌಸರುಗಳೇ ತಡೀತಾವೆ, ಬೇಕಿದ್ರೆ ಕ್ಯಾಸೆಟ್ ಗುಂಡಿ ಒತ್ತಿದಾಗ "ಟಕ್" ಅನ್ನೋ ಒಂದು ಶಬ್ದ ಇಡಿ, ಗಿರಾಕಿ ಒತ್ತಿದ್ರೆ ಮಾತ್ರ.

ಹೆಜ್ಜೆ 4: ಫೋಟೋ

ಇದಕ್ಕೆ ಉಳಿದೆಲ್ಲಾ ಹೆಜ್ಜೆಗಳಿಗಿಂತ ಜಾಸ್ತಿ ಸಮಯ ಕೊಡಿ. ಸೆಪಿಯಾ ಬೇಡ ಅಂತ ಆಗ್ಲೇ ಹೇಳಿದೆ, ಮತ್ತೆ ಹೇಳ್ತೀನಿ, ಮಾರೋ ವಸ್ತುವಿನ ಫೋಟೋಗೆ ಯಾವ ಫಿಲ್ಟರೂ ಬೇಡ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ, ಹಗಲು ಬೆಳಕಲ್ಲಿ ತೆಗೀರಿ, ರೂಮಿನ ಲೈಟ್ ಆರಿಸಿ, ಎರಡು ಥರ ಬೆಳಕು ಬೆರೆತ್ರೆ ಅರ್ಧ ನೀಲಿ ಅರ್ಧ ಹಳದಿ ಬರತ್ತೆ.

ಪ್ರತಿ ವಸ್ತುವಿಗೆ ಕನಿಷ್ಠ ಐದು ಫೋಟೋ. ಮುಟ್ಟೋಕೆ ಮುಂಚೆ ಅದು ಹೇಗಿತ್ತು ಅನ್ನೋದು ಒಂದು, ಧೂಳು ಒರೆಸದೇನೇ. ಕೆಲಸದ ಮಧ್ಯೆ ಕೈ ಕಾಣೋ ಹಾಗೆ ಒಂದು. ಮುಗಿದ ಮೇಲೆ ಪೂರ್ತಿ ಒಂದು. ಅಳತೆ ಗೊತ್ತಾಗೋಕೆ ಕೈಯಲ್ಲಿ ಹಿಡಿದು ಒಂದು, ಎಷ್ಟು ಸೆಂಟಿಮೀಟರ್ ಅಂತ ಬರೆದ್ರೂ ಜನ ಓದಲ್ಲ, ಆಮೇಲೆ "ಇಷ್ಟು ಚಿಕ್ಕದಾ" ಅಂತಾರೆ. ಕೊನೇದು ಗೀರು, ತುಕ್ಕು, ಕಲೆ, ಸವೆತ ಎಲ್ಲಿದೆಯೋ ಅದರ ಹತ್ತಿರದ ಫೋಟೋ. ಈ ಕೊನೇದನ್ನ ಹಾಕೋಕೆ ಎಲ್ರಿಗೂ ಹಿಂಜರಿಕೆ, ಆದ್ರೆ ಈ ವ್ಯಾಪಾರದಲ್ಲಿ ಅದೇ ಮಾಲು. ಶರ್ಟಿನ ಜೇಬಲ್ಲಿರೋ ಇಂಕಿನ ಕಲೆಯನ್ನ ನಾನು ಒಂದ್ಸಲ ಕಷ್ಟಪಟ್ಟು ತೆಗ್ದುಬಿಟ್ಟೆ, ವಸ್ತು ಕಳಿಸಿದ್ದ ಹುಡುಗಿ ಪಾರ್ಸೆಲ್ ಬಿಚ್ಚಿ ಮೊದ್ಲು ಹುಡುಕಿದ್ದೇ ಆ ಕಲೆಯನ್ನ. ಏನು ಹೇಳೋದು ಅವಳಿಗೆ, ಇವತ್ತಿಗೂ ಗೊತ್ತಾಗ್ತಿಲ್ಲ.

ಮೊದಲು-ಆಮೇಲೆ ಎರಡು ಫೋಟೋನೂ ಒಂದೇ ಜಾಗದಲ್ಲಿ ಒಂದೇ ಕೋನದಲ್ಲಿ ತೆಗ್ದಿದ್ರೆ, ಬೆರಳಲ್ಲಿ ಎಳೆದು ಹೋಲಿಸೋ ಸ್ಲೈಡರ್ ಹಾಕಬಹುದು, ಇದು ಮಾತ್ರ ಎಷ್ಟು ಸಲ ನೋಡಿದ್ರೂ ಜನಕ್ಕೆ ಬೇಜಾರಾಗಲ್ಲ. ಕೋನ ಬೇರೆ ಆಗಿದ್ರೆ ಸುಮ್ನೆ ಪಕ್ಕಪಕ್ಕ ಇಡಿ.

ಹೆಜ್ಜೆ 5: ವಸ್ತುವಿನ ಕತೆ, ಸುಳ್ಳು ಸೇರಿಸದೆ

ಪ್ರತಿ ವಸ್ತುವಿನ ಪೇಜಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಇರ್ಲಿ: ಇದು ಮೊದ್ಲು ಏನಾಗಿತ್ತು, ನನ್ನ ಕೈಗೆ ಹೇಗೆ ಸಿಕ್ತು, ನಾನು ಏನು ಮಾಡ್ದೆ, ಏನನ್ನ ಬೇಕಂತ ಹಾಗೇ ಬಿಟ್ಟೆ. ನಾಲ್ಕನೇದನ್ನ ಯಾರೂ ಬರೆಯಲ್ಲ, ಓದೋರು ಕಾಯೋದು ಅದಕ್ಕೇ.

ಮಾದರಿಗೆ ಹೀಗೆ: "ಇದು ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ ಆಗಿತ್ತು. ಗುಜರಿ ರಾಶೀಲಿ ಸಿಕ್ಕಾಗ ಒಳಗಡೆ ಏನೂ ಉಳಿದಿರಲಿಲ್ಲ. ಪೆಟ್ಟಿಗೆ ಒರೆಸಿ, ಒಳಗೆ ಹೊಸ ವೈರು, ಎಲ್‌ಇಡಿ ಬಲ್ಬು ಹಾಕಿದೀನಿ, ಸ್ಟೇಷನ್ ಹೆಸರಿನ ಗಾಜಿನ ಹಿಂದೆ ಬೆಳಕು ಬರತ್ತೆ. ಎಡಗಡೆ ಗುಂಡಿಯ ಅಂಚು ಸವೆದಿದೆ, ಬದಲಾಯಿಸಿಲ್ಲ, ವಾಲ್ಯೂಮ್ ಗುಂಡಿ ಅದು." ಇಷ್ಟು ಸಾಕು. "ಎಷ್ಟೋ ಸಂಜೆಗಳ ಇಂಪಾದ ನೆನಪುಗಳನ್ನು ಹೊತ್ತ" ಅಂತ ಶುರು ಮಾಡಿದ್ರೆ ಯಾರೂ ಎರಡನೇ ಸಾಲಿಗೆ ಬರಲ್ಲ. ಗೊತ್ತಿಲ್ಲದ ಇತಿಹಾಸ ಕಟ್ಟಬೇಡಿ, ಗುಜರೀಲಿ ಸಿಕ್ಕಿದ್ರೆ ಗುಜರೀಲಿ ಸಿಕ್ತು ಅನ್ನಿ. ಯಾವ ಭಾಗ ಹಳೇದು ಯಾವುದು ಹೊಸದು ಅನ್ನೋದನ್ನೂ ಬಿಡಿಸಿ ಬರೀರಿ, ಗಡಿಯಾರದ ಮಷೀನ್ ಹೊಸದು ಅಂತ ಹೇಳೋದ್ರಿಂದ ಮರ್ಯಾದೆ ಏನೂ ಹೋಗಲ್ಲ.

ಹೆಜ್ಜೆ 6: ಹೆಸರು ಬರೆಸೋ ಫಾರ್ಮು

ಅತೀ ಜಾಸ್ತಿ ತಪ್ಪು ಆಗೋ ಜಾಗ ಇದು, ಮತ್ತೆ ಕೆತ್ತಿದ ಮೇಲೆ ಅಳಿಸೋಕೂ ಆಗಲ್ಲ.

ಮೊದಲನೇದು ಅಕ್ಷರದ ಲೆಕ್ಕ. ಇಂಗ್ಲಿಷಿಗೆ ಮಾಡಿದ ಫಾರ್ಮಲ್ಲಿ "ಹೆಚ್ಚೆಂದರೆ ಇಷ್ಟು ಅಕ್ಷರ" ಅಂತ ಮಿತಿ ಇರತ್ತೆ. "ಲಕ್ಷ್ಮಿ" ನಮ್ಮ ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ ಏಳು: ಲ, ಕ, ವಿರಾಮ (ಅರ್ಧ ಅಕ್ಷರ ಮಾಡೋ ್ ಗುರುತು), ಷ, ವಿರಾಮ, ಮ, ಇಕಾರದ ಗುಡಿಸು. ಹತ್ತರ ಮಿತಿ ಹಾಕಿದ್ರೆ ಲಕ್ಷ್ಮೀನಾರಾಯಣ ಅನ್ನೋರು ಅರ್ಧ ಹೆಸರಲ್ಲೇ ನಿಲ್ತಾರೆ. ಅದಕ್ಕೆ ಅಕ್ಷರ ಎಣಿಸೋ ಬದಲು ಪ್ರಿವ್ಯೂ ಕೊಡಿ, ವಸ್ತುವಿನ ಫೋಟೋ ಮೇಲೆ ಕೆತ್ತೋ ಜಾಗದಲ್ಲಿ ಹೆಸರು ನಿಜವಾದ ಫಾಂಟಲ್ಲೇ ಕಾಣ್ಲಿ, ಅಗಲ ಮೀರಿದ್ರೆ ಕೆಂಪಾಗ್ಲಿ.

ಎರಡನೇದು ಮಷೀನು. ಸೈಟಲ್ಲಿ ಯೂನಿಕೋಡಲ್ಲಿ ಚೆನ್ನಾಗಿ ಕಂಡ ಹೆಸರನ್ನ ಲೇಸರ್ ಕೆತ್ತೋ ಸಾಫ್ಟ್‌ವೇರಿಗೆ ಪೇಸ್ಟ್ ಮಾಡಿದ್ರೆ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದಿರೋ ಸಾಧ್ಯತೆ ಇದೆ, ಕನ್ನಡ ಜೋಡಿಸೋ ಶಕ್ತಿ ಎಲ್ಲಾ ಸಾಫ್ಟ್‌ವೇರಿಗೂ ಇಲ್ಲ. ಕನ್ನಡ ಸರಿಯಾಗಿ ತೋರಿಸೋ ಡಿಸೈನ್ ಪ್ರೋಗ್ರಾಮಲ್ಲಿ ಟೈಪ್ ಮಾಡಿ, ಅಕ್ಷರಗಳನ್ನ ಔಟ್‌ಲೈನ್ ಅಂದ್ರೆ ಗೆರೆಗಳಾಗಿ ಬದಲಾಯಿಸಿ, ಆ ಚಿತ್ರಾನ ಮಷೀನಿಗೆ ಕೊಡಿ. ಕೊಡೋ ಮುಂಚೆ ಆ ಗೆರೆಯ ಚಿತ್ರವನ್ನೇ ಗಿರಾಕಿಗೆ ಕಳಿಸಿ "ಹೌದು" ಅಂತ ಬರೆಸ್ಕೊಳ್ಳಿ, ಸೈಟಿನ ಪ್ರಿವ್ಯೂ ನೋಡಿದಾರೆ ಬಿಡು ಅಂತ ಸುಮ್ನಿರಬೇಡಿ.

ತಾರೀಕಿಗೆ ತಿಂಗಳನ್ನ ಪದದಲ್ಲೇ ಆರಿಸೋ ಹಾಗೆ ಮಾಡಿ. 04/07 ಅಂದ್ರೆ ಒಬ್ಬರಿಗೆ ಜುಲೈ 4, ಇನ್ನೊಬ್ಬರಿಗೆ ಏಪ್ರಿಲ್ 7, ಮದುವೆ ವಾರ್ಷಿಕೋತ್ಸವದ ಗಿಫ್ಟಲ್ಲಿ ಇದು ಜಗಳಕ್ಕೆ ದಾರಿ. ಫಾಂಟ್ ಆಯ್ಕೆ ಮೂರು ಸಾಕು, ಮೂವತ್ತು ಕೊಟ್ರೆ ಜನ ಆರಿಸೋಕಾಗದೆ ಟ್ಯಾಬ್ ಮುಚ್ಚಿ ಮಲ್ಕೊಂಬಿಡ್ತಾರೆ.

ಹೆಜ್ಜೆ 7: "ನಿಮ್ಮದೇ ಕಳಿಸಿ" ಅನ್ನೋ ಬಾಗಿಲು

ಬೇರೆಯವರ ಮನೆಯ ವಸ್ತು ನಿಮ್ಮ ಮೇಜಿನ ಮೇಲಿದೆ ಅಂದ್ರೆ ಅದಕ್ಕೆ ಬದಲಿ ಇಲ್ಲ, ಕತ್ತರಿ ಜಾರಿದ್ರೆ ಕ್ಷಮಿಸಿ ಅನ್ನೋದು ಬಿಟ್ರೆ ನಿಮ್ಮ ಹತ್ರ ಏನೂ ಇರಲ್ಲ. ಮುಟ್ಟಬೇಡಿ ಅಂದಿದ್ದು ಇದಕ್ಕೇ. ಮಾಡ್ತೀರ ಅಂದ್ರೆ ಕ್ರಮ ಹೀಗಿರ್ಲಿ, ಮತ್ತೆ ಈ ಕ್ರಮ ಸೈಟಲ್ಲೇ ಒಂದೊಂದಾಗಿ ಕಾಣೋ ಹಾಗೆ ಇರ್ಲಿ.

ಮೊದ್ಲು ಫೋಟೋ ಮಾತ್ರ ಕಳಿಸ್ಲಿ, ವಸ್ತು ಅಲ್ಲ, ದುಡ್ಡೂ ಅಲ್ಲ. ನೋಡಿ ಆಗತ್ತೋ ಇಲ್ವೋ ಹೇಳಿ, ಬಟ್ಟೆ ಪುಡಿಯಾಗೋ ಹಾಗಿದ್ರೆ ಆಗಲ್ಲ ಅನ್ನಿ, ಒಂದೇ ಒಂದು ಪ್ರತಿ ಇರೋ ಕಾಗದಪತ್ರವನ್ನ ಕತ್ತರಿಸೋದಾದ್ರೆ ಸ್ಕ್ಯಾನ್ ಮಾಡಿ ಅದರ ಪ್ರಿಂಟ್ ಬಳಸೋಣ ಅನ್ನಿ. ಒಪ್ಪಿಗೆಯಾದ ಮೇಲೆ ಪಾರ್ಸೆಲ್ ಬರತ್ತೆ, ಬಿಚ್ಚೋದನ್ನ ವಿಡಿಯೋ ಮಾಡಿ, ಬಂದ ಸ್ಥಿತೀಲಿ ಫೋಟೋ ತೆಗ್ದು ಅವತ್ತೇ ಕಳಿಸಿ. ಆಮೇಲೆ ಸೀಮೆಸುಣ್ಣದಲ್ಲಿ ಎಲ್ಲಿ ಕತ್ತರಿಸ್ತೀನಿ ಅಂತ ಗೆರೆ ಹಾಕಿ ಅದರ ಫೋಟೋ, ಅದಕ್ಕೆ ಎರಡನೇ ಒಪ್ಪಿಗೆ. ಇದು ಬರೋವರೆಗೆ ಕತ್ತರಿ ಮುಟ್ಟಬೇಡಿ, ಗಿರಾಕಿ ಅವಸರ ಮಾಡಿದ್ರೂ ಸರಿ. ಕೆಲಸ ಮುಗಿದ ಮೇಲೆ ಉಳಿದ ಚೂರು, ಗುಂಡಿ, ದಾರ ಎಲ್ಲಾನೂ ಒಂದು ಕವರಲ್ಲಿ ಹಾಕಿ ವಾಪಸ್ ಕಳಿಸಿ. ಬೇಡ ಅಂತ ಅವರು ಹೇಳಿದ್ರೆ ಮಾತ್ರ ಬಿಸಾಕಿ.

ಕೆಲಸದಲ್ಲಿ ಒಡೆದ್ರೆ, ಹರಿದ್ರೆ ಏನು ಮಾಡ್ತೀರ ಅನ್ನೋದನ್ನ ಮೊದ್ಲೇ ಬರೆದಿಡಿ, ಸಣ್ಣ ಅಕ್ಷರದಲ್ಲಿ ಅಲ್ಲ. ಮತ್ತೆ ಗಿರಾಕಿ ಅಪ್‌ಲೋಡ್ ಮಾಡೋ ಫೋಟೋ ಫೈಲೊಳಗೆ ತೆಗೆದ ಜಾಗದ ವಿವರ ಸೇರಿರಬಹುದು, ಸರ್ವರಿಗೆ ಬಂದ ಕೂಡ್ಲೇ ಆ ಎಕ್ಸಿಫ್ ಮಾಹಿತಿ ಅಳಿಸೋ ಹಾಗೆ ಸೆಟ್ ಮಾಡಿ. ಅವರ ವಸ್ತುವನ್ನ ನಿಮ್ಮ ಗ್ಯಾಲರೀಲಿ ಹಾಕೋಕೆ ಬೇರೇನೇ ಕೇಳಿ, ಆ ಟಿಕ್ ಬಾಕ್ಸ್ ಮೊದ್ಲೇ ಟಿಕ್ ಆಗಿರಬಾರ್ದು. ಸತ್ತೋರ ಬಟ್ಟೆ ಇರಬಹುದು ಅದು, ನಿಮ್ಮ ಜಾಹೀರಾತಲ್ಲ.

ಹೆಜ್ಜೆ 8: ಒಂದೇ ಒಂದು ಇರೋ ಮಾಲು

ಒಂದೇ ಗಡಿಯಾರವನ್ನ ಇಬ್ಬರಿಗೆ ಮಾರಿ, ಇಬ್ಬರಿಗೂ ಅದು ಹುಟ್ಟುಹಬ್ಬಕ್ಕೇ ಬೇಕಾಗಿ, ನಾನು ಪಟ್ಟ ಪಾಡು ಬೇಡ. ಸಾಮಾನ್ಯವಾಗಿ ಕಾರ್ಟಿಗೆ ಹಾಕಿದ ಮಾತ್ರಕ್ಕೆ ಮಾಲು ಹಿಡಿದಿಟ್ಟ ಹಾಗಲ್ಲ, ಇಬ್ಬರ ಕಾರ್ಟಲ್ಲೂ ಒಂದೇ ವಸ್ತು ಕೂತಿರಬಹುದು. ಸ್ಟಾಕ್ 1 ಅಂತ ಹಾಕಿ, ದುಡ್ಡು ಕಟ್ಟದೆ ಬಾಕಿ ಉಳಿದ ಆರ್ಡರಿಗೆ ಎಷ್ಟು ನಿಮಿಷ ಸ್ಟಾಕ್ ಹಿಡಿದಿಡಬೇಕು ಅನ್ನೋದನ್ನ ನೀವೇ ಸೆಟ್ ಮಾಡಿ, ಸೈಟಿಗೆ ಅಂಗಡಿ ಸೇರಿಸೋ ವೂಕಾಮರ್ಸಲ್ಲಿ ಅದು ಮೊದಲಿಗೆ 60 ನಿಮಿಷ ಇರತ್ತೆ. ಬೇರೆ ಕಡೇನೂ ಮಾರ್ತಿದ್ರೆ, ಸಂತೆ ಮೇಳದಲ್ಲಿ ಕೊಟ್ಟ ತಕ್ಷಣ ಫೋನಲ್ಲೇ ಸ್ಟಾಕ್ ಸೊನ್ನೆ ಮಾಡೋ ಅಭ್ಯಾಸ ಇಟ್ಕೊಳ್ಳಿ.

ಮಾರಿಹೋದ ಪೇಜನ್ನ ಡಿಲೀಟ್ ಮಾಡಬೇಡಿ. "ಮನೆ ಸೇರಿದೆ" ಅಂತ ಒಂದು ಮುದ್ರೆ ಒತ್ತಿ, ಲೈಬ್ರರಿ ಪುಸ್ತಕದಲ್ಲಿ ತಾರೀಕು ಹೊಡೀತಿದ್ರಲ್ಲ ಆ ಥರ. ಕತೆ, ಫೋಟೋ ಎಲ್ಲಾ ಹಾಗೇ ಇರ್ಲಿ, ಕೆಳಗೆ "ಇಂಥದ್ದೇ ಸಾಮಾನು ಸಿಕ್ಕಾಗ ತಿಳಿಸಿ" ಅನ್ನೋ ಬಟನ್ ಇಡಿ. ಸರ್ಚಿಂದ ಜನ ಈ ಮಾರಿಹೋದ ಪೇಜುಗಳಿಗೂ ಬರಬಹುದು. ವರ್ಷ ಕಳೆದ ಮೇಲೆ ಇದೇ ನಿಮ್ಮ ಸೈಟಿನ ಆಲ್ಬಮ್ ಆಗತ್ತೆ, ಹೊಸಬರು ನಂಬೋದೂ ಇದನ್ನ ನೋಡೇ.

ಹೆಜ್ಜೆ 9: ಎಚ್ಚರಿಕೆ ಪೇಜು

ಚಿಕ್ಕದು, ಆದ್ರೆ ಬಿಡೋ ಹಾಗಿಲ್ಲ. ಕತ್ತಲಲ್ಲಿ ಹೊಳೆಯೋ ಹಳೇ ವಾಚು, ಗಡಿಯಾರಗಳ ಮುಳ್ಳಿಗೆ ರೇಡಿಯಂ ಬಣ್ಣ ಬಳಿದಿರಬಹುದು, ಹೊಳಪು ಸತ್ತಿದ್ರೂ ವಿಕಿರಣ ಸತ್ತಿರಲ್ಲ, ರೇಡಿಯಂ ಅರ್ಧ ಆಗೋಕೇ ಸುಮಾರು 1600 ವರ್ಷ ಬೇಕು. ಅಂಥದ್ದನ್ನ ಬಿಚ್ಚಬೇಡಿ, ಕೆರೀಬೇಡಿ. ವಿನೈಲ್ ರೆಕಾರ್ಡನ್ನ ಬಿಸಿ ಮಾಡಿ ಬೌಲ್ ಮಾಡ್ತೀರಾದ್ರೆ ಗಾಳಿ ಆಡೋ ಕಡೆ ಮಾಡಿ, ಅದು ಪಿವಿಸಿ ಪ್ಲಾಸ್ಟಿಕ್ಕು, ಸುಟ್ಟರೆ ಕೆಟ್ಟ ಹೊಗೆ ಬರತ್ತೆ, ಮತ್ತೆ ಆ ಬೌಲಲ್ಲಿ ತಿನ್ನೋ ಪದಾರ್ಥ ಹಾಕಬಾರ್ದು ಅಂತ ಪೇಜಲ್ಲಿ ಬರೀರಿ. ಹಳೇ ಬಣ್ಣದ ಮರ, ಆಟಿಕೆಗಳಲ್ಲಿ ಸೀಸ (ಲೆಡ್) ಇರಬಹುದು, ಒಣ ಬಣ್ಣವನ್ನ ಹಾಗೇ ಉಜ್ಜಬೇಡಿ, ಮಕ್ಕಳ ಗಿಫ್ಟಿಗಂತೂ ಬೇಡವೇ ಬೇಡ. ಕರೆಂಟಿನ ವಸ್ತುವಿಗೆ ಹಳೇ ವೈರ್ ಉಳಿಸಬೇಡಿ.

ಇನ್ನು ದೊಡ್ಡ ಬ್ರಾಂಡುಗಳ ಗುಂಡಿ, ಲೋಗೋ ಕಿತ್ತು ಆಭರಣ ಮಾಡಿ ಮಾರಿದವರ ಮೇಲೆ ಕೇಸ್ ಬಿದ್ದಿದ್ದೂ ಉಂಟು. ವಸ್ತು ನಿಮ್ಮದೇ ಆದ್ರೂ ಅದರ ಮೇಲಿನ ಲೋಗೋನ ತೋರಿಸಿ ಮಾರೋ ಹಕ್ಕು ನಿಮ್ಮದಾಗಿರದೇ ಇರಬಹುದು. ಸೈಟಿನ ಬ್ಯಾನರಲ್ಲಿ ಅಂಥ ಲೋಗೋ ಹಾಕಲೇಬೇಡಿ.

ಹೆಜ್ಜೆ 10: ಗಿಫ್ಟು ಅನ್ನೋದನ್ನ ಮರೀಬೇಡಿ

ಕೊಳ್ಳೋರ ವಿಳಾಸ ಬೇರೆ, ತಲುಪೋ ವಿಳಾಸ ಬೇರೆ, ಎರಡಕ್ಕೂ ಜಾಗ ಇರ್ಲಿ. ಪಾರ್ಸೆಲ್ ಒಳಗೆ ಬಿಲ್ ಬೇಡ ಅನ್ನೋ ಆಯ್ಕೆ, ಕೈಬರಹದ ಚೀಟಿಗೆ ಒಂದು ಬಾಕ್ಸ್, ಡೆಲಿವರಿ ಮೆಸೇಜ್ ಗಿಫ್ಟ್ ಸಿಗೋರ ಫೋನಿಗೆ ಹೋಗಿ ಗುಟ್ಟು ರಟ್ಟಾಗದ ಹಾಗೆ ಒಂದು ಸೆಟಿಂಗ್. "ಯಾವ ದಿನಕ್ಕೆ ಬೇಕು" ಅಂತ ಮೊದಲನೇ ಪ್ರಶ್ನೆಯಾಗಿ ಕೇಳಿ, ಆಗದ ತಾರೀಕು ಆರಿಸೋಕೇ ಬರದ ಹಾಗೆ ಮಾಡಿ. ಒಣಗೋಕೆ ಬೇಕಾದ ದಿನ, ಒಪ್ಪಿಗೆ ಬರೋಕೆ ಕಾಯೋ ದಿನ, ಕೊರಿಯರ್ ದಿನ ಮೂರನ್ನೂ ಸೇರಿಸಿ ಲೆಕ್ಕ ಹಾಕಿ, ನಮ್ಮ ಅಂದಾಜು ಯಾವಾಗ್ಲೂ ಕಮ್ಮೀನೇ ಇರತ್ತೆ. ವಸ್ತುವಿನ ಕತೆಯನ್ನ ಒಂದು ಕಾರ್ಡಲ್ಲಿ ಪ್ರಿಂಟ್ ಮಾಡಿ ಜೊತೆಗೆ ಹಾಕಿ, ಗಿಫ್ಟ್ ಸಿಕ್ಕೋರು ಸೈಟೇ ನೋಡಿರಲ್ಲ ಪಾಪ. ಸುತ್ತೋಕೆ ಹಳೇ ನ್ಯೂಸ್‌ಪೇಪರ್ ಚೆಂದ, ಆದ್ರೆ ಇಂಕ್ ಬಟ್ಟೆಗೆ ಅಂಟತ್ತೆ, ಮಧ್ಯೆ ಒಂದು ಖಾಲಿ ಹಾಳೆ ಇರ್ಲಿ.

ಹೆಜ್ಜೆ 11: ಬಿಡೋ ಮುಂಚೆ

ಫೋಟೋಗಳನ್ನ ವೆಬ್‌ಪಿ ಅನ್ನೋ ಹಗುರ ಫೈಲಿಗೆ ಬದಲಾಯಿಸಿ, ಅಗಲ ಎತ್ತರ ನಮೂದಿಸಿ, ಇಲ್ದಿದ್ರೆ ಲೋಡ್ ಆಗೋವಾಗ ಪೇಜು ಜಿಗಿದು ಬೆರಳು ಇನ್ಯಾವುದೋ ಬಟನ್ ಮೇಲೆ ಬೀಳತ್ತೆ. ಗೂಗಲ್ ಅಳತೇಲಿ ಪೇಜಿನ ಮುಖ್ಯ ಚಿತ್ರ 2.5 ಸೆಕೆಂಡ್ ಒಳಗೆ ಬಂದ್ರೆ ಚೆನ್ನ ಅಂತ ಲೆಕ್ಕ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳೋ ಆಲ್ಟ್ ಟೆಕ್ಸ್ಟಲ್ಲಿ "ಫೋಟೋ 3" ಅಂತ ಬಿಡದೆ "ಸವೆದ ವಾಲ್ಯೂಮ್ ಗುಂಡಿ, ಹತ್ತಿರದಿಂದ" ಅಂತ ಬರೀರಿ.

ಆಮೇಲೆ ನಿಮ್ಮ ಸೈಟಿಂದ ನೀವೇ ಒಂದು ಆರ್ಡರ್ ಮಾಡಿ, ದುಡ್ಡು ಕಟ್ಟಿ, ಕಷ್ಟದ ಒತ್ತಕ್ಷರ ಇರೋ ಹೆಸರು ಹಾಕಿ, ಕೊರಿಯರಲ್ಲಿ ತರಿಸ್ಕೊಂಡು ಬಿಚ್ಚಿ ನೋಡಿ. ಅದಾದ್ಮೇಲೆ ಸೈಟ್ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಫೋನ್ ಕೊಟ್ಟು "ನಿಮ್ಮ ಅಕ್ಕನಿಗೆ ಒಂದು ಗಿಫ್ಟ್ ಆರಿಸಿ" ಅನ್ನಿ, ಪಕ್ಕದಲ್ಲಿ ಕೂತು ಬಾಯಿ ಬಿಡದೆ ನೋಡ್ತಾ ಇರಿ. ಎಲ್ಲಿ ಬೆರಳು ನಿಲ್ಲತ್ತೋ ಅದನ್ನ ಚೀಟೀಲಿ ಬರ್ಕೊಂಡು, ರಿಪೇರಿ ಮಾಡಿ, ಇನ್ನೊಬ್ಬರ ಕೈಗೆ ಕೊಡಿ.